ಕಿವಿಯ ಮೆಷಿನ್ ಕಪಾಟಿನಲ್ಲಿದ್ದರೆ ಏನು ಪ್ರಯೋಜನ?

ನಿಮ್ಮ ಮನೆಯಲ್ಲಿ ಅರುವತ್ತು ದಾಟಿದ ಹಿರಿಯರಿದ್ದಾರೆಯೇ? ಹಾಗಿದ್ದರೆ ಒಮ್ಮೆ ಅವರ ಕಪಾಟಿನ ಡ್ರಾವರ್ ತೆರೆದು ನೋಡಿ. ಹಳೆಯ ಕನ್ನಡಕ, ಅರ್ಧ ಮುಗಿದ ಮುಲಾಮು, ದಾರ ಸವೆದ ತಸ್ಬೀಹ್ ಇವುಗಳ ನಡುವೆ ಒಂದು ಪುಟ್ಟ ಪ್ಲಾಸ್ಟಿಕ್ ಡಬ್ಬಿ ಸಿಗಬಹುದು. ಅದರೊಳಗೆ ಸಾವಿರಾರು ರೂಪಾಯಿ ಕೊಟ್ಟು ತಂದ ಶ್ರವಣ ಸಾಧನ, ನಾವೆಲ್ಲ ‘ಕಿವಿಯ ಮೆಷಿನ್’ ಎಂದು ಕರೆಯುವ ಆ ವಸ್ತು, ಬ್ಯಾಟರಿ ಸತ್ತು ಮಲಗಿರುತ್ತದೆ.

ನಮ್ಮ ಮನೆಯಲ್ಲೂ ಹೀಗೇ ಇತ್ತು. ಬಾಪನ ಮೆಷಿನ್ ಎಂಟು ತಿಂಗಳು ಡ್ರಾವರಿನಲ್ಲಿತ್ತು. ಕೇಳಿದರೆ, “ನನಗೆ ಸರಿಯೇ ಕೇಳ್ತದೆ. ನೀವೇ ಬಾಯೊಳಗೆ ಮಾತಾಡುವುದು” ಎನ್ನುತ್ತಿದ್ದರು. ಮೊದಲೆಲ್ಲ ಜುಮಾ ಮುಗಿಸಿ ಬಂದವರು ಊಟಕ್ಕೆ ಕೂತಾಗ ಆ ದಿನದ ಖುತ್ಬಾದ ವಿಷಯವನ್ನು ಉಮ್ಮನಿಗೆ ಹೇಳುವುದು ವಾಡಿಕೆಯಾಗಿತ್ತು. ಅದು ಯಾವಾಗ ನಿಂತಿತೆಂದು ನಮಗೆ ಯಾರಿಗೂ ಗೊತ್ತಾಗಲಿಲ್ಲ. ನೆಂಟರು ಬಂದರೆ ಸಲಾಮ್ ಹೇಳಿ ಒಳಗೆ ಹೋಗಿ ಮಲಗುತ್ತಿದ್ದರು. ವಯಸ್ಸಾಯಿತು, ಸಿಡುಕು ಜಾಸ್ತಿಯಾಯಿತು ಎಂದು ನಾವು ತೀರ್ಮಾನಿಸಿದ್ದೆವು. ವಿಷಯ ಅದಾಗಿರಲಿಲ್ಲ.

ವಯಸ್ಸಾದವರ ಕಿವುಡುತನದ ಒಂದು ಗುಣವನ್ನು ಮನೆಯವರು ಮೊದಲು ಅರ್ಥ ಮಾಡಿಕೊಳ್ಳಬೇಕು. ನಮ್ಮ ಒಳಗಿವಿಯಲ್ಲಿ ಬಸವನಹುಳುವಿನ ಚಿಪ್ಪಿನಂತೆ ಸುರುಳಿ ಸುತ್ತಿದ ಒಂದು ಭಾಗವಿದೆ. ಅದರೊಳಗೆ ಸುಮಾರು 15,000 ಸೂಕ್ಷ್ಮ ರೋಮಕೋಶಗಳಿವೆ. ಸದ್ದನ್ನು ಹಿಡಿದು ಮಿದುಳಿಗೆ ತಲುಪಿಸುವ ಕೆಲಸ ಇವುಗಳದ್ದು. ಒಮ್ಮೆ ಸತ್ತ ರೋಮಕೋಶ ಮತ್ತೆ ಹುಟ್ಟುವುದಿಲ್ಲ. ವಯಸ್ಸು, ಅತಿಯಾದ ಗದ್ದಲ, ಸಕ್ಕರೆ ಕಾಯಿಲೆ, ಕೆಲವು ಔಷಧಿಗಳು ಇವುಗಳನ್ನು ನಿಧಾನವಾಗಿ ಕೊಲ್ಲುತ್ತವೆ. ಮೊದಲು ಸಾಯುವುದು ಕೀರಲು ಸ್ವರಗಳನ್ನು ಹಿಡಿಯುವ ಕೋಶಗಳು. ಹಾಗಾಗಿ ಅ, ಆ, ಓ ಮುಂತಾದ ದಪ್ಪ ಸ್ವರಗಳು ಚೆನ್ನಾಗಿಯೇ ಕೇಳಿಸುತ್ತವೆ. ಸ, ಶ, ತ, ಕ, ಫ ಮುಂತಾದ ತೆಳು ಅಕ್ಷರಗಳು ಮಾಯವಾಗುತ್ತವೆ. ‘ಹಾಲು’, ‘ಸಾಲು’, ‘ಕಾಲು’ ಮೂರೂ ಒಂದೇ ಥರ ಕೇಳುತ್ತದೆ. “ಕೇಳಿಸುತ್ತದೆ, ಆದರೆ ಏನು ಹೇಳಿದಿರೆಂದು ತಿಳಿಯುವುದಿಲ್ಲ” ಎಂದು ಹಿರಿಯರು ಹೇಳುವುದು ನೆಪವಲ್ಲ, ಅದು ನಿಜ. ಇಂಥವರ ಎದುರು ಕಿರುಚಿದರೆ ದಪ್ಪ ಸ್ವರಗಳು ಇನ್ನೂ ದಪ್ಪವಾಗುತ್ತವೆ ಅಷ್ಟೆ. ಕಳೆದುಹೋದ ಅಕ್ಷರ ಸಿಗುವುದಿಲ್ಲ, ಮೇಲಿಂದ ‘ನನ್ನ ಮೇಲೆ ರೇಗುತ್ತಿದ್ದಾರೆ’ ಎಂಬ ನೋವು ಬೇರೆ.

ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಪ್ರಕಟಿಸಿದ ವರದಿಯ ಪ್ರಕಾರ ಜಗತ್ತಿನಲ್ಲಿ 150 ಕೋಟಿಗಿಂತ ಹೆಚ್ಚು ಜನರಿಗೆ ಒಂದಲ್ಲ ಒಂದು ಮಟ್ಟದ ಶ್ರವಣ ದೋಷವಿದೆ. ಅವರಲ್ಲಿ ಸುಮಾರು 43 ಕೋಟಿ ಜನರಿಗೆ ಚಿಕಿತ್ಸೆ ಅಥವಾ ಸಾಧನದ ನೆರವು ಬೇಕೇ ಬೇಕು. ಕಿವಿ ಕೇಳಿಸದೆ ಮಾತುಕತೆಯಿಂದ ದೂರವಾದವರಲ್ಲಿ ಮರೆವಿನ ಕಾಯಿಲೆಯ ಅಪಾಯವೂ ಹೆಚ್ಚು ಎಂಬುದನ್ನು ವೈದ್ಯಲೋಕ ಈಗ ಒಪ್ಪಿಕೊಂಡಿದೆ. ಮೆಷಿನ್ ಡ್ರಾವರಿನಲ್ಲಿ ಮಲಗಿದರೆ ನಷ್ಟ ಹಣದ್ದು ಮಾತ್ರವಲ್ಲ.

ಯಾಕೆ ತೆಗೆದಿಡುತ್ತಾರೆ?

ಬಾಪ ನಮಗೆ ಹೇಳದ ಕಾರಣವನ್ನು ಉಮ್ಮನಿಗೆ ಹೇಳಿದ್ದರು. ಇಶಾ ನಮಾಝಿನ ಜಮಾಅತ್‌ನಲ್ಲಿ ತಕ್ಬೀರ್ ಹೇಳಿ ಕೈಗಳನ್ನು ಕಿವಿಯ ಬಳಿಗೆ ಎತ್ತಿದ ಕೂಡಲೇ ಮೆಷಿನ್ ‘ಕುಂಯ್’ ಎಂದು ಶಿಳ್ಳೆ ಹೊಡೆಯಿತಂತೆ. ಹಿಂದಿನ ಸಫ್‌ನಲ್ಲಿದ್ದ ಮಕ್ಕಳು ನಕ್ಕರಂತೆ. ಅಂದಿನಿಂದ ಮಸೀದಿಗೆ ಹೋಗುವಾಗ ಮೆಷಿನ್ ಮನೆಯಲ್ಲೇ. ಮಸೀದಿಗೆ ಬೇಡವಾದ ಮೇಲೆ ಮನೆಗೂ ಬೇಡವಾಯಿತು.

ಈ ಶಿಳ್ಳೆ ಮೆಷಿನ್ ಹಾಳಾದ ಲಕ್ಷಣವಲ್ಲ. ಕಿವಿಯೊಳಗೆ ಹೋಗಬೇಕಾದ ಸದ್ದು ಹೊರಗೆ ಸೋರಿ, ಕೈಗೋ ಟೊಪ್ಪಿಗೋ ತಾಗಿ, ಮತ್ತೆ ಮೈಕಿನೊಳಗೆ ಹೋದಾಗ ಹೀಗಾಗುತ್ತದೆ. ಮಸೀದಿಯ ಮೈಕನ್ನು ಸ್ಪೀಕರಿನ ಮುಂದೆ ಹಿಡಿದರೆ ಕೂಗುವುದಿಲ್ಲವೇ, ಹಾಗೆ. ಕಿವಿಗೆ ಸೇರಿಸುವ ಅಚ್ಚು ಸಡಿಲವಾಗಿದ್ದರೆ ಸೋರಿಕೆ ಹೆಚ್ಚು. ವಯಸ್ಸಾದವರು ತೂಕ ಇಳಿದಾಗ ಕಿವಿಯ ಆಕಾರವೂ ಸ್ವಲ್ಪ ಬದಲಾಗಿ ಅಚ್ಚು ಸಡಿಲಾಗುವುದುಂಟು. ಕಿವಿಯಲ್ಲಿ ಗುಗ್ಗೆ ತುಂಬಿದ್ದರೂ ಸದ್ದು ಅದಕ್ಕೆ ಬಡಿದು ಹಿಂದೆ ಬರುತ್ತದೆ. ಬಾಪನ ಅಚ್ಚಿನ ಅಳತೆಯನ್ನು ಮತ್ತೆ ತೆಗೆಸಿ ಹೊಸದು ಮಾಡಿಸಿದೆವು. ಶಿಳ್ಳೆ ತಡೆಯುವ ಒಂದು ವ್ಯವಸ್ಥೆ ಮೆಷಿನ್ನಿನೊಳಗೇ ಇರುತ್ತದೆ, ಅದನ್ನು ಆಡಿಯಾಲಜಿಸ್ಟ್ ಕಂಪ್ಯೂಟರಿಗೆ ಜೋಡಿಸಿ ಸರಿಪಡಿಸಿದರು. ಅರ್ಧ ಗಂಟೆಯ ಕೆಲಸ. ಅದಕ್ಕಾಗಿ ಎಂಟು ತಿಂಗಳು ಒಬ್ಬ ಮನುಷ್ಯ ಮನೆಯೊಳಗೇ ಒಂಟಿಯಾಗಿದ್ದ.

ಹೆಂಗಸರ ಕಷ್ಟ ಬೇರೆ. ಹಿಜಾಬಿನ ಬಟ್ಟೆ ಮೈಕಿನ ಮೇಲೆ ಉಜ್ಜಿದರೆ ಕಿವಿಯೊಳಗೆ ಪರಪರ ಸದ್ದು, ಬಿಗಿಯಾಗಿ ಕಟ್ಟಿದರೆ ಶಿಳ್ಳೆ. ತೆಳುವಾದ, ಗಾಳಿಯಾಡುವ ಹತ್ತಿ ಬಟ್ಟೆಯಾದರೆ ತೊಂದರೆ ಕಡಿಮೆ. ಮೆಷಿನ್ ಆರಿಸುವಾಗಲೇ ‘ನಾನು ತಲೆವಸ್ತ್ರ ಧರಿಸುತ್ತೇನೆ’ ಎಂದು ಸಂಕೋಚವಿಲ್ಲದೆ ಹೇಳಿ. ಬೇಕಿದ್ದರೆ ತಪಾಸಣೆಯ ಕೊಠಡಿಯಲ್ಲಿ ವಸ್ತ್ರ ಕಟ್ಟಿಕೊಂಡೇ ಮೆಷಿನ್ ಹಾಕಿ ನೋಡಿ. ಇನ್ನೊಂದು ವಿಷಯ: ಮೆಷಿನ್ ಕಳೆದುಹೋಗುವುದು ಹೆಚ್ಚಾಗಿ ಬುರ್ಖಾ ಅಥವಾ ಮಾಸ್ಕ್ ತೆಗೆಯುವ ಹೊತ್ತಿನಲ್ಲಿ. ಬಟ್ಟೆಯ ಜೊತೆ ಹಾರಿ ಬಿದ್ದದ್ದು ಗೊತ್ತೇ ಆಗುವುದಿಲ್ಲ. ಬಟ್ಟೆಗೆ ಕ್ಲಿಪ್ ಹಾಕಿ ಮೆಷಿನ್ನಿಗೆ ಕಟ್ಟುವ ಸಣ್ಣ ದಾರ ಸಿಗುತ್ತದೆ, ತೆಗೆದುಕೊಳ್ಳಿ. ರುಕೂ, ಸುಜೂದ್‌ನಲ್ಲಿ ಜಾರಿ ಬೀಳುವ ಭಯ ಇರುವ ಗಂಡಸರಿಗೂ ಇದು ಒಳ್ಳೆಯದು.

ಮೊದಲ ವಾರಗಳ ಕಿರಿಕಿರಿಯೂ ಮೆಷಿನ್ ಬೇಡವಾಗಲು ಒಂದು ಕಾರಣ. ವರ್ಷಗಟ್ಟಲೆ ಸದ್ದಿಲ್ಲದೆ ಇದ್ದ ಮಿದುಳಿಗೆ ಒಮ್ಮೆಲೇ ಫ್ಯಾನಿನ ಗಾಳಿ, ಪಾತ್ರೆಯ ಸದ್ದು, ತನ್ನದೇ ಚಪ್ಪಲಿಯ ಸದ್ದು ಎಲ್ಲ ಕೇಳಿಸುತ್ತದೆ. ಇದಕ್ಕೆ ಒಗ್ಗಿಕೊಳ್ಳಲು ಕೆಲವು ವಾರಗಳೇ ಬೇಕು. ಹೆಚ್ಚಿನವರು ಮಾಡುವ ತಪ್ಪೇನೆಂದರೆ ಮನೆಯಲ್ಲಿ ಹಾಕದೆ ಮದುವೆಗೆ ಹೋಗುವಾಗ ಮಾತ್ರ ಹಾಕಿಕೊಳ್ಳುವುದು. ಮದುವೆ ಹಾಲ್ ಎಂದರೆ ಒಳ್ಳೆಯ ಕಿವಿಯವರಿಗೂ ಮಾತು ಕೇಳಿಸದ ಜಾಗ! ಮೊದಲು ಮನೆಯಲ್ಲಿ, ಒಬ್ಬರೇ ಎದುರು ಕೂತು ಮಾತಾಡುವಾಗ, ದಿನಕ್ಕೆ ಎರಡು ಗಂಟೆ ಹಾಕಿ. ನಿಧಾನವಾಗಿ ಹೆಚ್ಚಿಸಿ, ಎಚ್ಚರವಿರುವಷ್ಟು ಹೊತ್ತೂ ಕಿವಿಯಲ್ಲೇ ಇರುವಂತೆ ಮಾಡಿ.

ನೀರು, ಬೆವರು, ಮಳೆಗಾಲ

ಶ್ರವಣ ಸಾಧನದ ದೊಡ್ಡ ಶತ್ರು ನೀರು. ನಮ್ಮ ಮನೆಗಳಲ್ಲಿ ದಿನಕ್ಕೆ ಐದು ಸಲ ವುಝೂ ಇದೆ. ಹಾಗಾಗಿ ಇದಕ್ಕೊಂದು ಕ್ರಮ ಬೇಕು.

ಬಾಪ ಹೊಸ ಅಚ್ಚು ಹಾಕಿಸಿಕೊಂಡ ಮೇಲೆ ಒಂದು ವರ್ಷ ಚೆನ್ನಾಗಿ ಬಳಸಿದರು. ಒಂದು ದಿನ ಮಗ್ರಿಬ್‌ಗೆ ವುಝೂ ಮಾಡಲು ಮೆಷಿನ್ ತೆಗೆದು ಅಂಗಿಯ ಜೇಬಿಗೆ ಹಾಕಿ, ಹೌಝ್‌ನ ಮುಂದೆ ಬಗ್ಗಿದರು. ಅದು ನೀರಿಗೆ ಬಿತ್ತು. ತಮ್ಮ ಅದನ್ನು ಹುಡುಕಿ ತೆಗೆದ. ಮನೆಗೆ ತಂದು ನಾವು ಮಾಡಿದ್ದು ಎರಡು ತಪ್ಪು: ಮೊದಲು ಹೇರ್ ಡ್ರೈಯರಿನ ಬಿಸಿ ಗಾಳಿ ಹಿಡಿದೆವು, ಆಮೇಲೆ ಯಾರೋ ಹೇಳಿದರೆಂದು ಅಕ್ಕಿ ಡಬ್ಬದೊಳಗೆ ಹೂತಿಟ್ಟೆವು. ಬಿಸಿ ಗಾಳಿಗೆ ಒಳಗಿನ ಭಾಗಗಳು ಹಾಳಾಗುತ್ತವೆ. ಅಕ್ಕಿಯ ಹುಡಿ ಮೈಕಿನ ತೂತನ್ನು ಮುಚ್ಚುತ್ತದೆ. ಮೆಷಿನ್ ಮತ್ತೆ ಮಾತಾಡಲಿಲ್ಲ.

ನೀರಿಗೆ ಬಿದ್ದರೆ ಮಾಡಬೇಕಾದದ್ದು ಇಷ್ಟು. ಕೂಡಲೇ ಆಫ್ ಮಾಡಿ ಬ್ಯಾಟರಿ ತೆಗೆಯಿರಿ, ಬಾಗಿಲು ತೆರೆದೇ ಇರಲಿ. ಒಣಬಟ್ಟೆಯಿಂದ ಒರೆಸಿ, ಮೆಲ್ಲಗೆ ಕೊಡವಿ, ಫ್ಯಾನಿನ ಗಾಳಿಗೆ ಇಡಿ. ನಂತರ ಸಿಲಿಕಾ ಜೆಲ್ ಇರುವ ಡಬ್ಬಿಯಲ್ಲಿ ಒಂದು ಪೂರ್ತಿ ದಿನ ಇಡಿ. ‘ಸರಿಯಾಯಿತೇ ನೋಡೋಣ’ ಎಂದು ಪದೇ ಪದೇ ಆನ್ ಮಾಡಬೇಡಿ. ಬಿಸಿಲು, ಒಲೆಯ ಪಕ್ಕ, ಓವನ್ ಯಾವುದೂ ಬೇಡ. ಮರುದಿನ ಕೊಂಡಲ್ಲಿಗೆ ಒಯ್ಯಿರಿ.

ಮಸೀದಿಗೆ ಹೋಗುವವರು ಸಾಧ್ಯವಿದ್ದರೆ ಮನೆಯಲ್ಲೇ ವುಝೂ ಮಾಡಿ, ಕಿವಿ ಒರೆಸಿ, ಆಮೇಲೆ ಮೆಷಿನ್ ಹಾಕಿಕೊಂಡು ಹೋಗುವುದು ಸುಲಭ. ಅಲ್ಲೇ ಮಾಡುವುದಾದರೆ ಗಟ್ಟಿ ಮುಚ್ಚಳದ ಪುಟ್ಟ ಡಬ್ಬಿ ಜೊತೆಗಿರಲಿ. ಮೆಷಿನ್ ಡಬ್ಬಿಗೆ, ಡಬ್ಬಿ ಪ್ಯಾಂಟ್ ಅಥವಾ ಜುಬ್ಬಾದ ಪಕ್ಕದ ಜೇಬಿಗೆ. ಎದೆಯ ಜೇಬು ಬೇಡವೇ ಬೇಡ. ಕಿವಿಯ ಮಸಹ್ ಎಂದರೆ ಒದ್ದೆ ಬೆರಳಿನಿಂದ ಸವರುವುದು, ನೀರು ಎರೆಯುವುದಲ್ಲ ಎಂದು ನಿಮಗೆ ಗೊತ್ತೇ ಇದೆ. ಹಾಗಾಗಿ ಮಸಹ್ ಆದ ಮೇಲೆ ಬಟ್ಟೆಯಿಂದ ಒರೆಸಿ, ಒಂದೆರಡು ನಿಮಿಷ ಬಿಟ್ಟರೆ ಕಿವಿ ಒಣಗುತ್ತದೆ. ಸ್ನಾನಕ್ಕೆ ಮುಂಚೆ ಮೆಷಿನ್ ತೆಗೆಯಲೇಬೇಕು. ‘ವಾಟರ್ ಪ್ರೂಫ್’ ಎಂದು ಅಂಗಡಿಯಲ್ಲಿ ಹೇಳಿದ್ದರೂ ಅದು ಬೆವರು ಮತ್ತು ಮಳೆಹನಿಯ ಮಟ್ಟಿಗೆ ಮಾತ್ರ ಎಂದುಕೊಳ್ಳಿ. ಕಿವಿ ಸೋರುವವರು, ತಮಟೆ ತೂತಾದವರು ಕಿವಿಯೊಳಗೆ ನೀರು ಹೋಗದಂತೆ ನೋಡಿಕೊಳ್ಳಬೇಕು. ಅಂಥವರು ಗುಸ್ಲ್ ಹೇಗೆ ಮಾಡಬೇಕೆಂಬುದನ್ನು ವೈದ್ಯರ ಸಲಹೆಯನ್ನು ಮುಂದಿಟ್ಟು ಉಸ್ತಾದರಲ್ಲಿ ಕೇಳಿ ತಿಳಿದುಕೊಳ್ಳಲಿ. ರಮಝಾನಿನಲ್ಲಿ ಕಿವಿಗೆ ಹನಿ ಔಷಧಿ ಹಾಕುವ ಪ್ರಶ್ನೆಯೂ ಹೀಗೆಯೇ. ಹೆಚ್ಚಿನ ಸಂದರ್ಭಗಳಲ್ಲಿ ಇಫ್ತಾರ್ ನಂತರ ಮತ್ತು ಸಹರಿಗೆ ಮುಂಚೆ ಎಂದು ಹೊತ್ತು ಹೊಂದಿಸಿಕೊಡಲು ವೈದ್ಯರು ಒಪ್ಪುತ್ತಾರೆ.

ಅತ್ತರ್, ತಲೆಗೆ ಎಣ್ಣೆ, ಮೆಹಂದಿ, ಪೌಡರ್ ಇವೆಲ್ಲ ಮೊದಲು ಆಗಲಿ. ಅದು ಒಣಗಿ, ಕೈ ತೊಳೆದ ಮೇಲೆ ಮೆಷಿನ್. ಈದ್ ಬೆಳಿಗ್ಗೆ ಗಡಿಬಿಡಿಯಲ್ಲಿ ಮೆಷಿನ್ ಹಾಕಿಕೊಂಡೇ ಕಿವಿಯ ಹಿಂದೆ ಅತ್ತರ್ ಸವರುವವರಿದ್ದಾರೆ. ಎಣ್ಣೆಯ ಪಸೆ ಮೈಕಿನ ಸಣ್ಣ ತೂತಿನಲ್ಲಿ ಕೂತರೆ ಸದ್ದು ಮಂದವಾಗುತ್ತದೆ.

ಕರಾವಳಿ, ಮಲೆನಾಡಿನವರಿಗೆ ಜೂನ್‌ನಿಂದ ಸೆಪ್ಟೆಂಬರ್ ತನಕ ಇನ್ನೊಂದು ತಲೆನೋವು. ಗೋಡೆಯೇ ಬೆವರುವ ಆ ದಿನಗಳಲ್ಲಿ ಮೆಷಿನ್ನಿನ ಕೊಳವೆಯೊಳಗೆ ಹನಿ ಕಟ್ಟುತ್ತದೆ, ಸದ್ದು ಬಂದು ಬಂದು ನಿಲ್ಲುತ್ತದೆ. ರಾತ್ರಿ ತೆಗೆದಾಗ ಒಣ ಬಟ್ಟೆಯಿಂದ ಒರೆಸಿ, ಬ್ಯಾಟರಿ ತೆಗೆದು, ಸಿಲಿಕಾ ಜೆಲ್ ಡಬ್ಬಿಯಲ್ಲಿ ಮುಚ್ಚಿಡಿ. ಕಾಳುಗಳ ಬಣ್ಣ ಬದಲಾದರೆ ಅವು ನೀರು ಕುಡಿದು ತುಂಬಿವೆ ಎಂದರ್ಥ, ಬದಲಿಸಬೇಕು. ಇಡೀ ವರ್ಷ ಈ ಅಭ್ಯಾಸ ಇಟ್ಟುಕೊಂಡರೂ ಒಳ್ಳೆಯದೇ. ಕಿವಿಯ ಹಿಂದೆ ಕೂರುವ ಮೆಷಿನ್ ಆದರೆ ವಾರಕ್ಕೊಮ್ಮೆ ಅಚ್ಚನ್ನು ಬಿಡಿಸಿ ಉಗುರುಬೆಚ್ಚಗಿನ ಸೋಪು ನೀರಿನಲ್ಲಿ ತೊಳೆದು, ರಾತ್ರಿಯಿಡೀ ಒಣಗಿಸಿ ಬೆಳಿಗ್ಗೆ ಜೋಡಿಸಿ. ತೊಳೆಯುವುದು ಅಚ್ಚನ್ನು ಮಾತ್ರ, ಮೆಷಿನ್ನನ್ನಲ್ಲ. ಪ್ಲಾಸ್ಟಿಕ್ ಕೊಳವೆ ಹಳದಿಯಾಗಿ ಗಟ್ಟಿಯಾದರೆ ಬದಲಾಯಿಸಿ. ಕಿವಿಯೊಳಗೇ ಕೂರುವ ಮೆಷಿನ್‌ಗಳ ತುದಿಯಲ್ಲಿ ಗುಗ್ಗೆ ತಡೆಯುವ ಒಂದು ಸಣ್ಣ ಜಾಲರಿ ಇರುತ್ತದೆ. ‘ಮೆಷಿನ್ ಸತ್ತಿದೆ’ ಎಂದು ತರುವವರಲ್ಲಿ ಎಷ್ಟೋ ಮಂದಿಯ ಮೆಷಿನ್ನಿಗೆ ಆಗಿರುವುದು ಆ ಜಾಲರಿ ಮುಚ್ಚಿಹೋಗಿರುವುದು ಮಾತ್ರ.

ಬ್ಯಾಟರಿಯ ವಿಷಯ

ಗುಂಡಿಯಂತಿರುವ ಈ ಬ್ಯಾಟರಿ ಗಾಳಿಯಿಂದ ಕೆಲಸ ಮಾಡುತ್ತದೆ. ಮೇಲಿನ ಬಣ್ಣದ ಚೀಟಿ ಕಿತ್ತ ಕೂಡಲೇ ಒಳಗೆ ಗಾಳಿ ಹೋಗಿ ಖರ್ಚಾಗಲು ಶುರು. ಚೀಟಿ ಕಿತ್ತು ನಾಲ್ಕೈದು ನಿಮಿಷ ಬಿಟ್ಟು ಹಾಕಿದರೆ ಹೆಚ್ಚು ದಿನ ಬರುತ್ತದೆ. ಮತ್ತೆ ಚೀಟಿ ಅಂಟಿಸಿದರೆ ಉಳಿಯುವುದಿಲ್ಲ. ಬಣ್ಣ ನೆನಪಿಟ್ಟರೆ ಅಂಗಡಿಯಲ್ಲಿ ತಪ್ಪಾಗದು: 10 ನಂಬರಿಗೆ ಹಳದಿ, 312ಕ್ಕೆ ಕಂದು, 13ಕ್ಕೆ ಕಿತ್ತಳೆ, 675ಕ್ಕೆ ನೀಲಿ.

ದಯವಿಟ್ಟು ಇದನ್ನು ಗಮನವಿಟ್ಟು ಓದಿ. ಸಣ್ಣ ಮಕ್ಕಳು ಈ ಬ್ಯಾಟರಿ ನುಂಗಿದರೆ, ಮೂಗಿಗೋ ಕಿವಿಗೋ ತುರುಕಿಕೊಂಡರೆ, ಕೆಲವೇ ಗಂಟೆಗಳಲ್ಲಿ ಒಳಗೆ ಸುಟ್ಟ ಗಾಯವಾಗಬಹುದು. ವಾಂತಿ ಮಾಡಿಸಬೇಡಿ, ಕಿವಿಗೆ ಎಣ್ಣೆಯನ್ನೋ ನೀರನ್ನೋ ಹಾಕಬೇಡಿ. ನಾಳೆ ನೋಡೋಣ ಎನ್ನದೆ ಆಗಲೇ ಆಸ್ಪತ್ರೆಗೆ ಒಯ್ಯಿರಿ. ಹಳೆಯ ಬ್ಯಾಟರಿಯನ್ನು ಮಾತ್ರೆಯ ಡಬ್ಬಿಯ ಪಕ್ಕ ಇಡುವುದೂ ಬೇಡ. ಕಣ್ಣು ಮಂಜಾದ ಹಿರಿಯರು ಮಾತ್ರೆಯೆಂದು ನುಂಗಿದ್ದಿದೆ.

ಗಲ್ಫ್‌ನಿಂದ ಬಂದ ಮೆಷಿನ್

ಮಗ ಅಥವಾ ಅಳಿಯ ರಜೆಗೆ ಬರುವಾಗ ಅಲ್ಲಿಯ ಮಾಲ್‌ನಿಂದಲೋ ಆನ್‌ಲೈನಿನಲ್ಲೋ ಒಂದು ಮೆಷಿನ್ ತಂದುಕೊಡುವುದು ನಮ್ಮಲ್ಲಿ ಸಾಮಾನ್ಯ. ಪ್ರೀತಿ ದೊಡ್ಡದು, ಒಪ್ಪುತ್ತೇನೆ. ಆದರೆ ಇನ್ನೊಬ್ಬರ ಕನ್ನಡಕ ಹಾಕಿಕೊಂಡಂತೆ ಇದು. ಶ್ರವಣ ಪರೀಕ್ಷೆ ಮಾಡಿ, ಯಾವ ಸ್ವರ ಎಷ್ಟು ಕಡಿಮೆ ಕೇಳಿಸುತ್ತದೆಂದು ಕಂಡುಕೊಂಡು, ಅಷ್ಟಕ್ಕೆ ತಕ್ಕಂತೆ ಹೊಂದಿಸಿದ್ದೇ ಶ್ರವಣ ಸಾಧನ. ಎಲ್ಲ ಸದ್ದನ್ನೂ ಒಂದೇ ಸಮನೆ ದೊಡ್ಡದು ಮಾಡುವ ಅಗ್ಗದ ಯಂತ್ರ ಉಳಿದಿರುವ ಕೇಳುವ ಶಕ್ತಿಗೂ ಹಾನಿ ಮಾಡಬಹುದು. ಕೊಡುಗೆ ಕೊಡಲೇಬೇಕೆಂದರೆ ಆ ಹಣವನ್ನು ಕೊಟ್ಟು ಊರಲ್ಲೇ ಪರೀಕ್ಷೆ ಮಾಡಿಸಿ ಕೊಂಡುಕೊಳ್ಳಲಿ. ರಿಪೇರಿಗೂ ಹತ್ತಿರವಾಗುತ್ತದೆ.

ಮೆಷಿನ್ ಬಂದ ಮೇಲೆ ಮನೆಯವರೂ ಕೆಲವು ಅಭ್ಯಾಸ ಬದಲಿಸಬೇಕು. ಅಡುಗೆಮನೆಯಿಂದ ಕೂಗಬೇಡಿ. ಎದುರು ಬಂದು, ಮುಖ ಕಾಣುವಂತೆ, ಒಂದೆರಡು ಮೀಟರ್ ಒಳಗೆ ನಿಂತು ಮಾತಾಡಿ. ಟಿ.ವಿ. ತಗ್ಗಿಸಿ. ಒಮ್ಮೆ ಹೇಳಿದ್ದು ತಿಳಿಯದಿದ್ದರೆ ಅದೇ ಮಾತನ್ನು ಕಿರುಚುವ ಬದಲು ಬೇರೆ ಪದ ಬಳಸಿ ಹೇಳಿ. ‘ಏನಿಲ್ಲ, ಬಿಡಿ’ ಎಂದು ಮಾತ್ರ ಹೇಳಬೇಡಿ. ಬಾಪನಿಗೆ ಅತಿ ಹೆಚ್ಚು ನೋವಾಗುತ್ತಿದ್ದದ್ದು ಆ ಮಾತಿನಿಂದ. ಮಸೀದಿಯಲ್ಲಿ ಇಂಥವರಿಗೆ ಮುಂದಿನ ಸಫ್‌ನಲ್ಲಿ, ಇಮಾಮರ ಮುಖ ಕಾಣುವ ಕಡೆ, ಫ್ಯಾನಿನ ಸದ್ದು ಕಡಿಮೆ ಇರುವಲ್ಲಿ ಜಾಗ ಬಿಟ್ಟುಕೊಡುವುದು ಯುವಕರಿಗೆ ಕಷ್ಟವಾಗದು.

ಮೆಷಿನ್ ಬೇಕಾಗದಂತೆ

ಕಿವಿಗೆ ಬಡ್ಸ್, ಹೇರ್ ಪಿನ್, ಕೀಲಿಕೈ ಹಾಕುವುದನ್ನು ಬಿಡಿ. ಗುಗ್ಗೆ ತಾನಾಗಿಯೇ ಹೊರಬರುವಂಥದ್ದು, ಕಡ್ಡಿ ಅದನ್ನು ಒಳಗೆ ದೂಡುತ್ತದೆ. ಬೆಳ್ಳುಳ್ಳಿ ಹಾಕಿ ಕಾಯಿಸಿದ ಎಣ್ಣೆಯನ್ನು ಮಗುವಿನ ಸೋರುವ ಕಿವಿಗೆ ಬಿಡುವ ಅಜ್ಜಿಯಂದಿರು ಈಗಲೂ ಇದ್ದಾರೆ. ಅವರನ್ನು ಗೌರವಿಸಿ, ಎಣ್ಣೆಯನ್ನು ತಡೆಯಿರಿ. ಸೋರುವ ಕಿವಿಗೆ ಬೇಕಾದದ್ದು ಒಣಗಿರುವುದು ಮತ್ತು ವೈದ್ಯರ ಔಷಧಿ. ಮಗುವನ್ನು ಚಪ್ಪಟೆಯಾಗಿ ಮಲಗಿಸಿ ಬಾಟಲಿ ಹಾಲು ಕುಡಿಸಬೇಡಿ, ತಲೆ ಎತ್ತರದಲ್ಲಿರಲಿ. ಮಕ್ಕಳಿಗೆ ದಡಾರ-ರುಬೆಲ್ಲಾ ಲಸಿಕೆ ತಪ್ಪಿಸಬೇಡಿ. ಗರ್ಭಿಣಿಗೆ ರುಬೆಲ್ಲಾ ತಗಲಿದರೆ ಹುಟ್ಟುವ ಮಗು ಕಿವುಡಾಗಬಹುದು. ಕರ್ನಾಟಕದಲ್ಲಿ 2017ರಲ್ಲಿ ಈ ಲಸಿಕೆಯ ಅಭಿಯಾನ ನಡೆದಾಗ ನಮ್ಮಲ್ಲಿ ಕೆಲವರು ವದಂತಿ ನಂಬಿ ಹಿಂದೆ ಸರಿದದ್ದನ್ನು ನೆನೆದರೆ ಈಗಲೂ ಬೇಸರವಾಗುತ್ತದೆ.

ಹುಟ್ಟಿದ ಮಗುವಿನ ಕಿವಿ ಪರೀಕ್ಷೆ ಒಂದು ತಿಂಗಳೊಳಗೆ ಆಗಲಿ. ದೋಷ ಮೂರು ತಿಂಗಳೊಳಗೆ ಖಚಿತವಾಗಿ, ಆರು ತಿಂಗಳೊಳಗೆ ಮೆಷಿನ್ ಅಥವಾ ಚಿಕಿತ್ಸೆ ಶುರುವಾದರೆ ಮಗು ಮಾತು ಕಲಿಯುವ ಸಾಧ್ಯತೆ ಬಹಳ ಹೆಚ್ಚು. ರಕ್ತ ಸಂಬಂಧದೊಳಗೆ ಮದುವೆಯಾದ ಮನೆಗಳಲ್ಲಿ, ಕಿವುಡು ಮಕ್ಕಳು ಹುಟ್ಟಿದ ಕುಟುಂಬಗಳಲ್ಲಿ ಇದನ್ನು ಮುಂದೂಡಲೇಬಾರದು.

ಗದ್ದಲದ ಲೆಕ್ಕವೂ ತಿಳಿದಿರಲಿ. 80 ಡೆಸಿಬೆಲ್ ಸದ್ದನ್ನು ವಾರಕ್ಕೆ 40 ಗಂಟೆ ಕೇಳುವುದು ದೊಡ್ಡವರಿಗೆ ಸುರಕ್ಷಿತ ಮಿತಿ. 100 ಡೆಸಿಬೆಲ್ ಆದರೆ ವಾರಕ್ಕೆ ಸುಮಾರು 20 ನಿಮಿಷ ಅಷ್ಟೆ. ಮದುವೆಯ ಸೌಂಡ್ ಸಿಸ್ಟಮ್ ಮುಂದೆ ಮಗುವನ್ನು ಎತ್ತಿಕೊಂಡು ನಿಲ್ಲುವಾಗ ಇದು ನೆನಪಿರಲಿ. ಕಲ್ಲಿನ ಕೋರೆ, ಮರದ ಮಿಲ್ಲು, ವರ್ಕ್‌ಶಾಪ್‌ಗಳಲ್ಲಿ ದುಡಿಯುವವರು ಕಿವಿಗೆ ಪ್ಲಗ್ ಹಾಕಲಿ. ಹತ್ತಿಯ ಉಂಡೆ ಸಾಲದು.

ಒಂದು ಕಿವಿ ರಾತ್ರೋರಾತ್ರಿ ಕೇಳಿಸದಾದರೆ ಅದು ತುರ್ತು ಸ್ಥಿತಿ. ಶೀತ ಎಂದುಕೊಂಡು ವಾರಗಟ್ಟಲೆ ಕಾಯುವವರು ಹೆಚ್ಚು. ಮೊದಲ ಎರಡು ಮೂರು ದಿನಗಳಲ್ಲೇ ಕಿವಿ ಮೂಗು ಗಂಟಲು ತಜ್ಞರನ್ನು ಕಂಡು ಔಷಧಿ ಶುರು ಮಾಡಿದರೆ ಶ್ರವಣ ಮರಳುವ ಅವಕಾಶವಿದೆ. ತಡವಾದಂತೆ ಅದು ಕುಗ್ಗುತ್ತದೆ.

ಹಣದ ಅಡಚಣೆ ಇರುವವರು ಜಿಲ್ಲಾ ಆಸ್ಪತ್ರೆಯ ಕಿವಿ ವಿಭಾಗದಲ್ಲಿ ವಿಚಾರಿಸಿ. ಆದಾಯ ಮಿತಿಯೊಳಗಿನ ಅಂಗವಿಕಲರಿಗೆ ಕೇಂದ್ರ ಸರಕಾರದ ‘ಅಡಿಪ್’ ಯೋಜನೆಯಲ್ಲಿ ಶ್ರವಣ ಸಾಧನ ಸಿಗುತ್ತದೆ. ಅದಕ್ಕೆ ಅಂಗವಿಕಲರ ಗುರುತು ಚೀಟಿ ಮತ್ತು ಆದಾಯ ಪತ್ರ ಸಿದ್ಧವಿಟ್ಟುಕೊಳ್ಳಿ. ಮೈಸೂರಿನಲ್ಲಿ 1965ರಲ್ಲಿ ಆರಂಭವಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇಡೀ ದೇಶಕ್ಕೆ ಹೆಸರಾದದ್ದು. ಪರೀಕ್ಷೆ, ಮೆಷಿನ್, ಮಕ್ಕಳಿಗೆ ಮಾತಿನ ತರಬೇತಿ ಎಲ್ಲವೂ ಅಲ್ಲಿ ಒಂದೇ ಕಡೆ ಇದೆ. ವರ್ಷಕ್ಕೊಮ್ಮೆ ಕಿವಿ ಮತ್ತು ಮೆಷಿನ್ ಎರಡನ್ನೂ ತೋರಿಸಿ. ಹೋಗುವಾಗ ಹಳೆಯ ಪರೀಕ್ಷೆಯ ಕಾಗದ ಜೊತೆಗಿರಲಿ. ಹಿರಿಯರನ್ನು ಒಬ್ಬರನ್ನೇ ಕಳುಹಿಸಬೇಡಿ, ಡಾಕ್ಟರ್ ಹೇಳಿದ್ದರಲ್ಲಿ ಅರ್ಧ ಅವರಿಗೆ ಕೇಳಿಸಿರುವುದಿಲ್ಲ.